ಒಂದು ಅಂಗಳ, ಎರಡು ನಾಯಿ, ಹತ್ತೊಂಬತ್ತು ಕೋಳಿ: ನಮ್ಮ ಮನೆಯ ಪ್ರಕರಣ ಅಧ್ಯಯನ

ನಮ್ಮ ಕರಿಯ ಏಳು ವರ್ಷ ಕೋಳಿಗಳ ನಡುವೆಯೇ ಬೆಳೆದ ನಾಯಿ. ಅವನು ಅಂಗಳದಲ್ಲಿ ಬಿಸಿಲು ಕಾಯಿಸುತ್ತಾ ಮಲಗಿದ್ದರೆ ಹೇಂಟೆಗಳು ಅವನ ಹೊಟ್ಟೆಯ ಪಕ್ಕದಲ್ಲೇ ಮಣ್ಣು ಕೆದಕುತ್ತಿದ್ದವು. ಬಾಲದ ಮೇಲೆ ಕಾಲಿಟ್ಟರೆ ಬಾಲ ಎಳೆದುಕೊಳ್ಳುತ್ತಿದ್ದ, ಅಷ್ಟೇ. ಅಂಥ ನಾಯಿ ಕಳೆದ ನವೆಂಬರಿನ ಒಂದು ಮಧ್ಯಾಹ್ನ ಬಾಯಲ್ಲಿ ಕೋಳಿ ಕಚ್ಚಿಕೊಂಡು ನಿಂತಿದ್ದನ್ನು ನಾನು ಕಣ್ಣಾರೆ ನೋಡಿದೆ. ಆ ದಿನದಿಂದ ಹತ್ತು ತಿಂಗಳು ನಮ್ಮ ಮನೆಯಲ್ಲಿ ಏನೇನು ಬದಲಾಯಿತು ಅನ್ನುವುದನ್ನು ಇಲ್ಲಿ ಬರೆದಿದ್ದೇನೆ. ನಾಯಿ, ಬೆಕ್ಕು, ಕೋಳಿ ಮೂರನ್ನೂ ಒಂದೇ ಹಿತ್ತಲಲ್ಲಿ ಸಾಕುವವರು ತುಂಬಾ ಜನ ಇದ್ದಾರೆ. ನಾವು ಕಳೆದುಕೊಂಡಷ್ಟನ್ನು ಅವರು ಕಳೆದುಕೊಳ್ಳಬಾರದು ಅನ್ನುವ ಆಸೆ ನನ್ನದು.

ಮನೆ ಮತ್ತು ಪ್ರಾಣಿಗಳು

ನಮ್ಮದು ಕೊಪ್ಪ ತಾಲ್ಲೂಕಿನಲ್ಲಿ ಒಂದು ಒಂಟಿಮನೆ. ಮುಂದೆ ಅಂಗಳ, ಬಲಕ್ಕೆ ಕೊಟ್ಟಿಗೆ, ಅದರ ಹಿಂದೆ ಒಡ್ಡಿ, ಅಂದರೆ ಕೋಳಿಗೂಡು, ಕೆಳಗೆ ಅಡಿಕೆ ತೋಟ. ಮನೆಯಲ್ಲಿ ಅತ್ತೆ, ಇವರು, ನಾನು, ಎಂಟು ವರ್ಷದ ಮಗಳು.

ಆಗ ಇದ್ದ ಕೋಳಿಗಳು ಹತ್ತೊಂಬತ್ತು. ನಾಟಿ ಹೇಂಟೆ ಹನ್ನೆರಡು, ಹುಂಜ ಎರಡು, ಗಿರಿರಾಜ ಹೇಂಟೆ ಐದು. ಗಿರಿರಾಜ ಅಂದರೆ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ರೂಪುಗೊಂಡು 1989ರಲ್ಲಿ ರೈತರ ಕೈಗೆ ಬಂದ ತಳಿ. ಹಿತ್ತಲಲ್ಲಿ ಬಿಟ್ಟು ಸಾಕಲು ಹೇಳಿ ಮಾಡಿಸಿದ ಹಾಗಿದೆ. ಮೊಟ್ಟೆ ಜಾಸ್ತಿ, ಮೈ ತೂಕವೂ ಜಾಸ್ತಿ. ಈ ತೂಕದ ವಿಷಯ ಮುಂದೆ ಬರುತ್ತದೆ, ನೆನಪಿಟ್ಟುಕೊಳ್ಳಿ.

ಕರಿಯ ನಮ್ಮ ಕಡೆಯದೇ ಊರುನಾಯಿ. ಮಿನ್ನಿ ಅನ್ನುವ ಹೆಣ್ಣು ಬೆಕ್ಕು ಇಲಿ ಹಿಡಿಯುವುದರಲ್ಲಿ ಜೋರು. ಮೂರನೆಯದು ಚುಕ್ಕಿ. ಅವಳು ಬಂದದ್ದು ಕಳೆದ ವರ್ಷದ ಶ್ರಾವಣದಲ್ಲಿ. ಬಾಗಲಕೋಟೆಯಲ್ಲಿ ಕೆಲಸದಲ್ಲಿದ್ದ ನಮ್ಮ ನೆಂಟರಿಗೆ ವರ್ಗವಾಯಿತು. ಹೊಸ ಊರಿನ ಬಾಡಿಗೆ ಮನೆಯಲ್ಲಿ ನಾಯಿ ಸಾಕಲು ಆಗುವುದಿಲ್ಲ ಅಂತ ನಮ್ಮಲ್ಲಿಗೆ ತಂದು ಬಿಟ್ಟರು. ಆಗ ಚುಕ್ಕಿಗೆ ಒಂದು ವರ್ಷ. ಮುಧೋಳ ತಳಿ. ಉದ್ದ ಕಾಲು, ಕಿರಿದಾದ ಮುಖ, ಇಳಿದ ಎದೆ, ಒಳಗೆ ಸೇರಿದ ಹೊಟ್ಟೆ. ಮುಧೋಳದ ಘೋರ್ಪಡೆ ಅರಸರು ಇಷ್ಟಪಟ್ಟು ಬೆಳೆಸಿದ ಬೇಟೆನಾಯಿ ಇದು. 2005ರಲ್ಲಿ ಅಂಚೆ ಇಲಾಖೆ ನಮ್ಮ ದೇಶದ ನಾಲ್ಕು ನಾಯಿತಳಿಗಳ ಅಂಚೆಚೀಟಿ ತಂದಾಗ ಅದರಲ್ಲಿ ಮುಧೋಳವೂ ಇತ್ತು. ಬೇರೆ ನಾಯಿಗಳು ಮೂಗಿನಿಂದ ಹುಡುಕಿದರೆ ಇದು ಕಣ್ಣಿನಿಂದ ಹುಡುಕುತ್ತದೆ. ಬಯಲಲ್ಲಿ ಮೊಲ ಓಡಿದರೆ ಅದರ ಹಿಂದೆ ಓಡುವುದು ಇದರ ಹುಟ್ಟುಗುಣ. ಅಷ್ಟು ಗೊತ್ತಿದ್ದೂ ಅದೇ ಕಣ್ಣು ನಮ್ಮ ಅಂಗಳದ ಕೋಳಿಯನ್ನು ಹೇಗೆ ನೋಡುತ್ತದೆ ಅಂತ ನಾವು ಯೋಚಿಸಲಿಲ್ಲ.

ಮೂರು ತಿಂಗಳು ಏನೂ ಆಗಲಿಲ್ಲ. ಅದು ನಮ್ಮನ್ನು ಮೈಮರೆಸಿತು.

ಆ ಮಧ್ಯಾಹ್ನ

ಅಡಿಕೆ ಕೊಯ್ಲಿನ ಸಮಯ. ಅಂಗಳದ ತುಂಬ ಗೊನೆ, ಸುಲಿಯುವವರು, ಬೇಯಿಸುವ ಹಂಡೆ. ಕೆಲಸದವರ ಕಾಲಿಗೆ ಸಿಕ್ಕುತ್ತಾಳೆ ಅಂತ ಚುಕ್ಕಿಯನ್ನು ವಾರವಿಡೀ ಜಗುಲಿಯ ಕಂಬಕ್ಕೆ ಕಟ್ಟಿದ್ದೆವು. ಎದುರಿಗೇ ಕೋಳಿಗಳು ಓಡಾಡುತ್ತಿದ್ದವು. ಅವಳು ಸರಪಳಿಯ ತುದಿಯಲ್ಲಿ ನಿಂತು ನೋಡುತ್ತಿದ್ದಳು. ಬೊಗಳುತ್ತಿರಲಿಲ್ಲ. ಸುಮ್ನೆ ನಿಂತಿದ್ದಾಳೆ, ಪಾಪ, ಹೊಂದಿಕೊಂಡಳು ಅಂತ ನಾನೇ ಅತ್ತೆಯವರ ಹತ್ತಿರ ಹೇಳಿದ್ದೆ.

ಬುಧವಾರ ಮೂರು ಗಂಟೆಗೆ ಎಲ್ಲರೂ ಕಾಫಿಗೆ ಹಿಂದಿನ ಬಾಗಿಲಿಗೆ ಬಂದರು. ಅಂಗಳ ಖಾಲಿ. ಸ್ವಲ್ಪ ಹೊತ್ತು ಓಡಾಡಿಕೊಳ್ಳಲಿ ಅಂತ ಇವರು ಚುಕ್ಕಿಯನ್ನು ಬಿಚ್ಚಿದರು. ಕರಿಯ ಹೇಗೂ ಬಿಟ್ಟೇ ಇದ್ದ. ಅಡಿಕೆ ಸಿಪ್ಪೆಯ ರಾಶಿಯ ಹಿಂದೆ ಗಿರಿರಾಜ ಹೇಂಟೆಗಳು ಧೂಳಿನಲ್ಲಿ ಹೊರಳಾಡುತ್ತಿದ್ದವು. ಅದರಲ್ಲಿ ಒಂದು ನಾಯಿಯನ್ನು ಕಂಡು ಗಾಬರಿಯಾಗಿ ರೆಕ್ಕೆ ಬಡಿಯುತ್ತಾ ಎದ್ದು ಓಡಿತು ಅಂತ ಆಮೇಲೆ ಮಗಳು ಹೇಳಿದಳು. ಅವಳು ಕಿಟಕಿಯಿಂದ ನೋಡಿದ್ದಳು. ಚುಕ್ಕಿ ಎರಡು ನೆಗೆತಕ್ಕೆ ಅದನ್ನು ಹಿಡಿದಳು. ಅದು ಕೂಗಿಕೊಂಡ ಕೂಡಲೇ ಉಳಿದವು ಎಲ್ಲ ದಿಕ್ಕಿಗೂ ಚದುರಿದವು. ಆಗ ಕರಿಯ ಎದ್ದ.

ನಾವು ಓಡಿ ಬರುವಷ್ಟರಲ್ಲಿ ಐದು ಸತ್ತಿದ್ದವು. ನಾಲ್ಕು ಗಿರಿರಾಜ, ಒಂದು ನಾಟಿ. ಎರಡಕ್ಕೆ ಗಾಯ. ಉಳಿದ ನಾಟಿ ಕೋಳಿಗಳು ಕೊಟ್ಟಿಗೆ ಮಾಡಿನ ಮೇಲೆ, ಹಲಸಿನ ಮರದ ಮೇಲೆ. ಪೂರ್ತಿ ಹತ್ತು ನಿಮಿಷವೂ ಆಗಿರಲಿಲ್ಲ. ಸತ್ತ ಒಂದನ್ನೂ ನಾಯಿಗಳು ತಿಂದಿರಲಿಲ್ಲ. ಒಂದನ್ನು ಹಿಡಿದು, ಅಲುಗಾಡಿಸಿ, ಬಿಟ್ಟು, ಓಡುತ್ತಿದ್ದ ಮುಂದಿನದರ ಹಿಂದೆ ಹೋಗಿದ್ದವು.

ಗಾಯಗೊಂಡ ಎರಡು

ನಾಯಿ ಕಚ್ಚಿದ ಕೋಳಿ ಮೇಲಿಂದ ನೋಡಿದರೆ ಚೆನ್ನಾಗಿಯೇ ಕಾಣುತ್ತದೆ. ಪುಕ್ಕ ಎಲ್ಲವನ್ನೂ ಮುಚ್ಚಿಬಿಡುತ್ತದೆ. ನಾಟಿ ಹೇಂಟೆಯ ಬೆನ್ನಿನ ಪುಕ್ಕ ಜೊಲ್ಲಿಗೆ ಒದ್ದೆಯಾಗಿ ಅಂಟಿಕೊಂಡಿತ್ತು. ಅದನ್ನು ಬಿಡಿಸಿ ನೋಡಿದಾಗ ಹಲ್ಲಿನ ನಾಲ್ಕು ತೂತು. ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ಒಂದೂವರೆ ಚಮಚ ಉಪ್ಪು ಹಾಕಿ ಆ ತೂತುಗಳನ್ನು ಚೆನ್ನಾಗಿ ತೊಳೆದೆವು. ಸುತ್ತಲಿನ ಪುಕ್ಕ ಕತ್ತರಿಸಿದೆವು. ಗಾಯಕ್ಕೆ ಹಚ್ಚುವ ಪೊವಿಡೋನ್ ಅಯೋಡಿನ್ ಔಷಧಿಯನ್ನು ತೆಳುವಾದ ಚಹಾದ ಬಣ್ಣ ಬರುವಷ್ಟು ನೀರು ಮಾಡಿ ಹಚ್ಚಿದೆವು.

ಮೇಲೆ ಗೋಣಿ ಹೊದೆಸಿದ ಬುಟ್ಟಿಯಲ್ಲಿ, ಒಲೆಯ ಬೆಚ್ಚಗಿರುವ ಮೂಲೆಯಲ್ಲಿ, ಬೇರೆ ಕೋಳಿಗಳಿಂದ ದೂರ ಇಟ್ಟೆವು. ದೂರ ಇಡುವುದು ಮುಖ್ಯ. ಕೆಂಪು ಕಂಡರೆ ಬೇರೆ ಕೋಳಿಗಳು ಗಾಯವನ್ನೇ ಕುಕ್ಕುತ್ತವೆ. ಕತ್ತಲೆಯಲ್ಲಿಟ್ಟರೆ ಹೆದರಿದ ಕೋಳಿ ಬೇಗ ಸುಧಾರಿಸಿಕೊಳ್ಳುತ್ತದೆ.

ಮರುದಿನ ಬೆಳಗ್ಗೆ ಪಶುವೈದ್ಯರ ಹತ್ತಿರ ಒಯ್ದೆವು. ಅವರು ಹೊಲಿಗೆ ಹಾಕಲಿಲ್ಲ. ಕಚ್ಚಿದ ಗಾಯವನ್ನು ಮುಚ್ಚಿದರೆ ಒಳಗೆ ಕೀವು ತುಂಬುತ್ತದೆ. ಆಂಟಿಬಯೋಟಿಕ್ ಕೊಟ್ಟರು. ನೊಣ ಕೂರದಂತೆ ನೋಡಿಕೊಳ್ಳಿ, ಒಂದೆರಡು ದಿನದಲ್ಲೇ ಹುಳ ಬೀಳುತ್ತದೆ ಅಂತ ಎಚ್ಚರಿಸಿದರು. ಔಷಧಿ ಮುಗಿದ ಮೇಲೂ ಅವರು ಹೇಳಿದಷ್ಟು ದಿನ ಆ ಕೋಳಿಯ ಮೊಟ್ಟೆಯನ್ನು ನಾವು ತಿನ್ನಲಿಲ್ಲ. ನಾಟಿ ಹೇಂಟೆ ಉಳಿಯಿತು. ಗಿರಿರಾಜ ಮೂರನೇ ರಾತ್ರಿ ಹೋಯಿತು. ಅದಕ್ಕೆ ಒಳಗೆ ಪೆಟ್ಟಾಗಿತ್ತು ಅಂತ ಕಾಣುತ್ತದೆ. ಗಾಯವೇ ಆಗದ ಕೋಳಿಗಳೂ ಮೂರು ವಾರ ಮೊಟ್ಟೆ ನಿಲ್ಲಿಸಿದವು.

ಬೆಕ್ಕು ಕಚ್ಚಿದರಂತೂ ಒಂದು ದಿನವೂ ಕಾಯಬಾರದು. ಬೆಕ್ಕಿನ ಹಲ್ಲು ಸೂಜಿಯ ಹಾಗೆ. ತೂತು ಕಾಣಿಸುವುದೇ ಇಲ್ಲ, ಆದರೆ ಅದರ ಬಾಯಲ್ಲಿರುವ ಪಾಶ್ಚುರೆಲ್ಲಾ ಅನ್ನುವ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರಿದರೆ ಹಕ್ಕಿ ಬೇಗ ಸಾಯುತ್ತದೆ.

ಯಾರ ತಪ್ಪು?

ಆ ಬುಧವಾರ ಸಂಜೆಯೇ ಮೇಲಿನಮನೆ ಭಾವ ಬಂದಿದ್ದರು. ಸತ್ತ ಕೋಳಿಯನ್ನು ನಾಯಿಯ ಕೊರಳಿಗೆ ಕಟ್ಟಿ, ಕೊಳೆತು ಬೀಳುವ ತನಕ ಬಿಡಿ, ಜನ್ಮದಲ್ಲಿ ಕೋಳಿ ಮುಟ್ಟುವುದಿಲ್ಲ ಅಂದರು. ಹಳೆಯ ಕಾಲದಿಂದ ಬಂದ ಮಾತು. ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಆದರೆ ನಾನು ಒಪ್ಪಲಿಲ್ಲ. ಕೊರಳಲ್ಲಿ ಕೊಳೆಯುತ್ತಿರುವುದಕ್ಕೂ ತಾನು ಮೊನ್ನೆ ಓಡಿಸಿದ್ದಕ್ಕೂ ನಾಯಿ ಸಂಬಂಧ ಹಚ್ಚುವುದಿಲ್ಲ. ಅದಕ್ಕೆ ಸಿಗುವುದು ಹುಳ, ನಾತ, ರೋಗ. ಹೊಡೆಯುವುದೂ ಅಷ್ಟೇ. ಕೆಲಸ ಮುಗಿದ ಮೇಲೆ ಹೊಡೆದರೆ ನಾಯಿ ಹೊಡೆದವರಿಗೆ ಹೆದರುವುದನ್ನು ಕಲಿಯುತ್ತದೆ. ಕೋಳಿಯನ್ನು ಬಿಡುವುದನ್ನು ಕಲಿಯುವುದಿಲ್ಲ. ಮನುಷ್ಯರು ಕಾಣದಿದ್ದಾಗ ಹಿಡಿಯುವುದನ್ನು ಕಲಿತರೂ ಕಲಿಯಿತು.

ಚುಕ್ಕಿಯನ್ನು ಯಾರಿಗಾದರೂ ಕೊಟ್ಟುಬಿಡೋಣ ಅಂತ ಇವರು ಹೇಳಿದರು. ಅತ್ತೆ ಆ ರಾತ್ರಿ ಸುಮಾರು ಹೊತ್ತು ಮಾತಾಡಲಿಲ್ಲ. ಆಮೇಲೆ ಅಂದರು: "ನಾಯಿ ನಾಯಿ ಕೆಲಸ ಮಾಡ್ತು ಮಾರಾಯ್ತಿ. ನಾವು ನಮ್ಮ ಕೆಲಸ ಮಾಡಿದ್ವಾ?"

ಆ ಪ್ರಶ್ನೆ ಹಿಡಿದುಕೊಂಡು ನಾವು ಕೂತು ಯೋಚಿಸಿದೆವು. ಮುಂದೆ ಬರೆಯುತ್ತಿರುವುದು ನಮಗೆ ಹೊಳೆದದ್ದು, ಪಶುವೈದ್ಯರು ಹೇಳಿದ್ದು, ಆಮೇಲಿನ ತಿಂಗಳುಗಳಲ್ಲಿ ನೋಡಿ ತಿಳಿದದ್ದು.

ಎಲ್ಲಕ್ಕಿಂತ ದೊಡ್ಡ ಕಾರಣ, ನಾಯಿ ಒಂದಲ್ಲ, ಎರಡಿತ್ತು. ಕರಿಯ ಒಬ್ಬನೇ ಇದ್ದಾಗ ಏಳು ವರ್ಷದಲ್ಲಿ ಒಂದು ಕೋಳಿಯನ್ನೂ ಮುಟ್ಟಿರಲಿಲ್ಲ. ಆದರೆ ಜೊತೆಯಲ್ಲಿ ಇನ್ನೊಂದು ನಾಯಿ ಬೆನ್ನಟ್ಟಿದರೆ ಇವನಿಗೂ ಆವೇಶ ಬರುತ್ತದೆ. ಎರಡು ನಾಯಿ ಸೇರಿದರೆ ಗುಂಪಾಯಿತು. ಗುಂಪಿನ ಬುದ್ಧಿಯೇ ಬೇರೆ. "ನಮ್ಮ ನಾಯಿ ಕೋಳಿಗೆ ಏನೂ ಮಾಡಲ್ಲ" ಅನ್ನುವ ಮಾತು ಆ ನಾಯಿ ಒಂಟಿಯಾಗಿ ಇರುವಾಗಿನ ಮಾತು. ಮನೆಗೆ ಎರಡನೇ ನಾಯಿ ಬಂದ ದಿನ ಆ ಮಾತನ್ನು ಅಳಿಸಿ, ಮೊದಲಿನಿಂದ ಶುರು ಮಾಡಬೇಕು. ನೆಂಟರು ನಾಯಿ ಕರೆತಂದ ದಿನಕ್ಕೂ ಇದು ಅನ್ವಯ. ನಾನು ಈ ಬರಹದಲ್ಲಿ ಒಂದೇ ಮಾತು ಹೇಳಬೇಕು ಅಂದರೆ ಇದನ್ನೇ ಹೇಳುತ್ತೇನೆ.

ಎರಡನೆಯದು ಆ ವಾರದ ಕಟ್ಟುವಿಕೆ. ಓಡಲಿಕ್ಕೇ ಹುಟ್ಟಿದ ನಾಯಿಯನ್ನು ಏಳು ದಿನ ಕಟ್ಟಿ, ಎದುರಿಗೆ ಕೋಳಿ ಓಡಾಡಿಸಿದೆವು. ಅವಳು ಸುಮ್ಮನೆ ನಿಂತಿದ್ದಳು ಅಂದೆನಲ್ಲ, ಅದು ಹೊಂದಿಕೊಂಡ ಲಕ್ಷಣವೇ ಅಲ್ಲ. ಹೊಂಚುವ ನಾಯಿ ಹಾಗೆಯೇ ನಿಲ್ಲುವುದು. ಬಾಯಿ ಮುಚ್ಚಿರುತ್ತದೆ. ಕಿವಿ ಮುಂದಕ್ಕೆ. ಬಾಲ ಬಿಗಿ. ಕೆಲವೊಮ್ಮೆ ಒಂದು ಮುಂಗಾಲು ನೆಲದಿಂದ ಮೇಲಕ್ಕೆ. ಹೆಸರು ಕರೆದರೆ ಕಿವಿಯೂ ತಿರುಗುವುದಿಲ್ಲ. ಬಾಲ ಅಲ್ಲಾಡಿಸುತ್ತಿದೆ, ಹಾಗಾಗಿ ಸ್ನೇಹ ಅಂತ ತಿಳಿಯುವುದೂ ತಪ್ಪು. ಆಸೆಗೂ ಬಾಲ ಅಲ್ಲಾಡುತ್ತದೆ. ನಿಜವಾಗಿ ಕೋಳಿಯ ಗೊಡವೆ ಇಲ್ಲದ ನಾಯಿ ಮೈ ಸಡಿಲ ಬಿಟ್ಟು ಮಲಗುತ್ತದೆ, ಆಕಳಿಸುತ್ತದೆ, ನೆಲ ಮೂಸುತ್ತದೆ, ಕೋಳಿಗೆ ಬೆನ್ನು ಹಾಕಿ ಕೂರುತ್ತದೆ.

ಇನ್ನು ಅಂಗಳದ ರಚನೆ. ಒಂದು ಕಡೆ ಮನೆಗೋಡೆ, ಒಂದು ಕಡೆ ಸಿಪ್ಪೆರಾಶಿ, ಒಂದು ಕಡೆ ಬೇಲಿ. ನಾಟಿ ಕೋಳಿ ಹಾರಿತು. ಗಿರಿರಾಜಕ್ಕೆ ಆ ತೂಕ ಹೊತ್ತು ಮಾಡಿನ ತನಕ ಹಾರಲು ಆಗಲಿಲ್ಲ. ಸತ್ತ ಐದರಲ್ಲಿ ನಾಲ್ಕು ಗಿರಿರಾಜ ಆಗಿದ್ದು ಅದಕ್ಕೇ. ಭಾರದ ತಳಿ ಸಾಕುವವರು ನೆಲಮಟ್ಟದಲ್ಲೇ ನುಸುಳಿಕೊಳ್ಳುವ ಜಾಗ ಮಾಡಿಕೊಡಬೇಕು.

ಕೊನೆಯದು, ಹೇಳಲು ನನಗೆ ಬೇಸರ ಆಗುವ ವಿಷಯ. ನೆಂಟರು ಬಂದ ದಿನ ಕೋಳಿ ಕೊಯ್ದರೆ ತಲೆ, ಕಾಲು, ಕರುಳನ್ನು ಅದೇ ಅಂಗಳದ ಮೂಲೆಯಲ್ಲಿ ನಾಯಿಗಳಿಗೆ ಎಸೆಯುತ್ತಿದ್ದೆವು. ಆಗಿನ್ನೂ ಬೆಚ್ಚಗಿರುವ, ಪುಕ್ಕ ಮೆತ್ತಿದ ಕೋಳಿ ತಲೆಯನ್ನು ನಾವೇ ಬಾಯಿಗೆ ಕೊಟ್ಟು, ಓಡಾಡುವ ಕೋಳಿಯನ್ನು ಮಾತ್ರ ಮುಟ್ಟಬೇಡ ಅಂದರೆ ನಾಯಿ ಏನು ತಿಳಿಯಬೇಕು? ಈಗ ಕೊಯ್ಯುವ ದಿನ ನಾಯಿಗಳು ಒಳಗೆ. ಕರುಳು ಗುಂಡಿಗೆ. ನಾಯಿಗೆ ಕೊಡುವ ಮಾಂಸ ಬೇಯಿಸಿ, ಮೂಳೆ ತೆಗೆದು, ಅನ್ನಕ್ಕೆ ಕಲಸಿ ಕೊಡುತ್ತೇವೆ. ಬೆಂದ ಕೋಳಿಮೂಳೆ ಚೂಪಾಗಿ ಸೀಳುತ್ತದೆ, ಅದನ್ನಂತೂ ಕೊಡಲೇಬಾರದು.

ಬೇಲಿ, ಮತ್ತು ದಿನವನ್ನು ಹಂಚಿದ್ದು

ಒಡ್ಡಿಯ ಸುತ್ತ ಸುಮಾರು ಒಂದೂಕಾಲು ಗುಂಟೆಯಷ್ಟು ಜಾಗವನ್ನು ಕೋಳಿಗಳಿಗೆ ಬೇರೆ ಮಾಡಿದೆವು. ಕೋಳಿ ಜಾಲರಿ ಅಂತ ಅಂಗಡಿಯಲ್ಲಿ ಕೊಡುವ ತೆಳು ತಂತಿಯ, ಆರು ಮೂಲೆಯ ಕಣ್ಣಿನ ಬಲೆ ಕೋಳಿಯನ್ನು ಒಳಗಿಡುತ್ತದೆ. ನಾಯಿಯನ್ನು ಹೊರಗಿಡುವುದಿಲ್ಲ. ಕರಿಯನಂಥ ನಾಯಿ ಅದನ್ನು ಹಲ್ಲಿನಲ್ಲೇ ಹರಿಯುತ್ತದೆ. ಅದಕ್ಕೇ ಬೆಸುಗೆ ಹಾಕಿದ ಚೌಕ ಕಣ್ಣಿನ ವೆಲ್ಡ್‌ಮೆಶ್ ತಂದೆವು. ಕೆಳಗಿನ ನಾಲ್ಕು ಅಡಿಗೆ ಅದು. ಅದರ ಮೇಲೆ ಮೂರು ಅಡಿ ಅಡಿಕೆ ಮರ ಸೀಳಿದ ದಬ್ಬೆ. ಚುಕ್ಕಿ ಎತ್ತರಕ್ಕೆ ನೆಗೆಯುತ್ತಾಳಲ್ಲ. ಜಾಲರಿಯ ಬುಡವನ್ನು ಹೊರಗಡೆಗೆ ಒಂದು ಅಡಿ ಮಡಚಿ, ನೆಲಕ್ಕೆ ಹಾಸಿ, ಮೇಲೆ ಕಲ್ಲು ಹೇರಿದೆವು. ಮಣ್ಣು ಕೆರೆಯುವ ಪ್ರಾಣಿ ಬೇಲಿಯ ಬುಡದಲ್ಲೇ ಕೆರೆಯಲು ಶುರು ಮಾಡುತ್ತದೆ, ಅಲ್ಲಿ ಜಾಲರಿ ಸಿಕ್ಕಿದರೆ ಬಿಡುತ್ತದೆ. ಒಂದು ಅಡಿ ಹಿಂದೆ ಸರಿದು ಕೆರೆಯುವ ಉಪಾಯ ಅದಕ್ಕೆ ಹೊಳೆಯುವುದಿಲ್ಲ. ದಬ್ಬೆ, ಗೂಟ ತೋಟದ್ದೇ. ಜಾಲರಿಗೆ ನಮಗೆ ಸುಮಾರು ಆರು ಸಾವಿರ ರೂಪಾಯಿ ಆಯಿತು.

ಬೇಲಿಯಲ್ಲಿ ಮೂರು ಕಡೆ ಕೋಳಿ ಮಾತ್ರ ನುಗ್ಗುವಷ್ಟು ಸಣ್ಣ ಗಂಡಿ ಬಿಟ್ಟೆವು. ಹೊರಗಿರುವ ಕೋಳಿ ಗಾಬರಿಯಾದರೆ ನುಗ್ಗಿ ಒಳಗೆ ಬರಲಿ ಅಂತ. ಚುಕ್ಕಿಯ ತಲೆ ಅದರಲ್ಲಿ ತೂರುತ್ತದೆ, ಎದೆ ತೂರುವುದಿಲ್ಲ. ರಾತ್ರಿ ಅವಕ್ಕೆ ಹಲಗೆ ಮುಚ್ಚುತ್ತೇವೆ. ಅಂಗಳದಲ್ಲೂ ಅಲ್ಲಲ್ಲಿ ಹಳೆಯ ಹಣ್ಣಿನ ಕ್ರೇಟ್‌ಗಳನ್ನು ಮಗುಚಿ, ಒಂದು ಬದಿ ಕತ್ತರಿಸಿ, ಮೇಲೆ ಕಲ್ಲು ಇಟ್ಟಿದ್ದೇವೆ.

ಆದರೆ ಬೇಲಿಗಿಂತ ಹೆಚ್ಚು ಕೆಲಸ ಮಾಡಿದ್ದು ಹೊತ್ತಿನ ಹಂಚಿಕೆ. ಕೋಳಿಗೆ ಒಂದು ಒಳ್ಳೆಯ ಗುಣ ಇದೆ. ಕತ್ತಲೆಯಲ್ಲಿ ಅದಕ್ಕೆ ಕಣ್ಣು ಕಾಣುವುದಿಲ್ಲ, ಹಾಗಾಗಿ ಹೊತ್ತು ಮುಳುಗುವಾಗ ತಾನಾಗಿಯೇ ಒಡ್ಡಿ ಸೇರುತ್ತದೆ. ಅಂದರೆ ಅಂಗಳ ಸಂಜೆ ಆರೂವರೆಯ ಮೇಲೆ ನಾಯಿಗಳದ್ದೇ. ಬೆಳಗ್ಗೆ ಆರೂವರೆಯಿಂದ ಏಳೂವರೆ ಇವರು ಎರಡು ನಾಯಿಗಳನ್ನೂ ತೋಟಕ್ಕೆ ಕರೆದುಕೊಂಡು ಹೋಗಿ ಓಡಿಸುತ್ತಾರೆ. ಆಗ ಕೋಳಿಗಳು ಒಡ್ಡಿಯಲ್ಲೇ ಇರುತ್ತವೆ. ಹತ್ತು ಗಂಟೆಯ ತನಕ ಅವನ್ನು ಬೇಲಿಯೊಳಗೇ ಇಡುತ್ತೇವೆ. ಇದರಿಂದ ಇನ್ನೊಂದು ಲಾಭವೂ ಆಯಿತು. ಕೋಳಿ ಹೆಚ್ಚಾಗಿ ಬೆಳಗಿನ ಹೊತ್ತೇ ಮೊಟ್ಟೆ ಇಡುವುದು. ಮೊದಲೆಲ್ಲ ಪೊದೆ, ಹುಲ್ಲುಗೊಣಬೆ ಎಲ್ಲ ಹುಡುಕಬೇಕಿತ್ತು. ಈಗ ಒಡ್ಡಿಯಲ್ಲೇ ಸಿಗುತ್ತದೆ. ಹತ್ತಕ್ಕೆ ಓಡಿ ದಣಿದ ನಾಯಿಗಳು ತಮ್ಮ ಗೂಡಿಗೆ, ಕೋಳಿಗಳು ಅಂಗಳಕ್ಕೆ.

ರಾತ್ರಿ ಹತ್ತರ ಮೇಲೆ ನಾಯಿಗಳನ್ನೂ ಜಗುಲಿಯ ಒಳಗೆ ಹಾಕುತ್ತೇವೆ. ನಮ್ಮ ಕಡೆ ಚಿರತೆ ನಾಯಿಗೇ ಬರುತ್ತದೆ.

ಇಷ್ಟು ಮಾಡಿದ ಮೇಲೆ ಹೊಸ ತೊಂದರೆ ಬಂತು. ಹಗಲು ನಾಯಿಗಳು ಗೂಡಿನಲ್ಲಿ ಇರುತ್ತವೆ ಅನ್ನುವುದು ಮುಂಗುಸಿಗೆ ಗೊತ್ತಾಯಿತು. ಡಿಸೆಂಬರಿನಲ್ಲಿ ಒಂದು, ಜನವರಿಯಲ್ಲಿ ಒಂದು ಹೇಂಟೆ ಹೋಯಿತು. ಎರಡೂ ಮಟಮಟ ಮಧ್ಯಾಹ್ನ, ತೋಟದ ಬದಿಯಿಂದ. ಇಷ್ಟು ವರ್ಷ ಕರಿಯ ಅಲ್ಲಿ ಓಡಾಡುತ್ತಿದ್ದುದೇ ಕಾವಲಾಗಿತ್ತು ಅಂತ ಆಗ ಅರ್ಥವಾಯಿತು. ನಾಯಿಯನ್ನು ಪೂರ್ತಿ ದೂರ ಮಾಡಿದರೆ ಅದರ ಹೊಟ್ಟೆಗೆ ಹೋಗುವ ಕೋಳಿ ಮುಂಗುಸಿಯ ಹೊಟ್ಟೆಗೆ ಹೋಗುತ್ತದೆ.

ಹಾಗಾಗಿ ನಾಯಿಗೂಡನ್ನೇ ಎತ್ತಿ ತೋಟದ ಬದಿಗೆ, ಕೋಳಿ ಬೇಲಿಗೆ ತಾಗಿಸಿ ಇಟ್ಟೆವು. ತೋಟದ ಕಡೆ ತೆರೆದ ಸರಳು. ಕೋಳಿಯ ಕಡೆ ಸೋಗೆ, ಅಂದರೆ ಅಡಿಕೆ ಗರಿ, ಕಟ್ಟಿ ಪೂರ್ತಿ ಮರೆ. ನಾಯಿಯ ವಾಸನೆ, ಬೊಗಳುವುದು ಎರಡೂ ಮುಂಗುಸಿಗೆ ತಲುಪುತ್ತದೆ. ಕೋಳಿಯ ಓಡಾಟ ಚುಕ್ಕಿಯ ಕಣ್ಣಿಗೆ ಬೀಳುವುದಿಲ್ಲ. ಅಲ್ಲಿಂದ ಈಚೆಗೆ ಮುಂಗುಸಿಗೆ ಒಂದೂ ಹೋಗಿಲ್ಲ. ಈ ಹತ್ತು ತಿಂಗಳಲ್ಲಿ ಮಾಡಿದ ಕೆಲಸಗಳಲ್ಲಿ ನನಗೆ ಅತಿ ಹೆಚ್ಚು ಸಮಾಧಾನ ಕೊಟ್ಟದ್ದು ಈ ಸೋಗೆ ತಟ್ಟಿ.

ಕರಿಯನ ಪಾಠ

ಘಟನೆಯಾದ ಎರಡು ವಾರದ ಮೇಲೆ ಕರಿಯನಿಗೆ ಮತ್ತೆ ಕಲಿಸಲು ಶುರು ಮಾಡಿದೆ. ಒಬ್ಬನಿಗೇ. ಚುಕ್ಕಿ ಕಣ್ಣಿಗೂ ಕಿವಿಗೂ ಬೀಳದ ಹಾಗೆ.

ಬೇಲಿಯೊಳಗೆ ಕೋಳಿ, ಹೊರಗೆ ಹಗ್ಗ ಹಿಡಿದು ನಾನು ಮತ್ತು ಕರಿಯ. ಎಷ್ಟು ದೂರ ನಿಂತರೆ ಅವನು ಕೋಳಿಯನ್ನು ನೋಡಿಯೂ ನನ್ನ ಮಾತು ಕೇಳುತ್ತಾನೋ ಅಷ್ಟು ದೂರ. ನಮಗೆ ಅದು ಇಪ್ಪತ್ತು ಅಡಿ ಇತ್ತು. ಸೆರಗಿನಲ್ಲಿ ಒಣಮೀನಿನ ಚೂರು. ಅವನು ಕೋಳಿಯನ್ನು ನೋಡಿದರೆ ಬೈಯುವುದಿಲ್ಲ. ನೋಡಲಿ. ಕಣ್ಣನ್ನು ತಾನಾಗಿ ನನ್ನ ಕಡೆ ತಿರುಗಿಸಿದ ಕ್ಷಣ "ಭೇಷ್" ಅಂದು ಮೀನು ಕೊಡುವುದು. ಹತ್ತು ನಿಮಿಷ ಬೆಳಗ್ಗೆ, ಹತ್ತು ನಿಮಿಷ ಸಂಜೆ. ಅದಕ್ಕಿಂತ ಜಾಸ್ತಿ ಬೇಡ, ನಾಯಿಗೂ ತಲೆ ದಣಿಯುತ್ತದೆ. ಅವನ ಮೈ ಬಿಗಿಯಾದರೆ ನಾವು ಹತ್ತಿರ ಹೋದದ್ದು ಜಾಸ್ತಿಯಾಯಿತು ಅಂತ ಅರ್ಥ. ನಾಲ್ಕು ಹೆಜ್ಜೆ ಹಿಂದೆ ಬರುವುದು.

ಹೀಗೆ ದೂರ ಕಡಿಮೆ ಮಾಡುತ್ತಾ ಬೇಲಿಯ ಪಕ್ಕಕ್ಕೆ ಬರಲು ಹದಿನೆಂಟು ದಿನ ಹಿಡಿಯಿತು. ಆಮೇಲೆ ಬೇಲಿಯೊಳಗೆ, ಹಗ್ಗದಲ್ಲೇ, ಕೋಳಿಗಳಿಗೆ ಹೊಟ್ಟೆ ತುಂಬಿ ನಿಧಾನವಾಗಿ ಓಡಾಡುವ ಹೊತ್ತಿನಲ್ಲಿ. ಕೊನೆಯ ಹಂತ ಕೋಳಿ ರೆಕ್ಕೆ ಬಡಿಯುವುದು. ಮಗಳು ದೂರದಲ್ಲಿ ಕಾಳು ಎರಚುತ್ತಿದ್ದಳು, ಕೋಳಿಗಳು ಹಾರಿ ಓಡಿ ಬರುತ್ತಿದ್ದವು, ನಾನು ಕರಿಯನನ್ನು ಕೂರಿಸಿಕೊಂಡು ಮೀನು ಕೊಡುತ್ತಿದ್ದೆ. ನಿಂತ ಕೋಳಿಗೆ ಹೊಂದಿಕೊಂಡ ನಾಯಿ ಹಾರುವ ಕೋಳಿಗೆ ಹೊಂದಿಕೊಂಡಿದೆ ಅಂತ ಅಲ್ಲ. ಇದನ್ನು ಬೇರೆಯಾಗಿಯೇ ಕಲಿಸಬೇಕು. ಮಕ್ಕಳು ಕೋಳಿಗಳನ್ನು ಅಟ್ಟಿಸಿಕೊಂಡು ಓಡುವುದನ್ನೂ ನಾವು ನಿಲ್ಲಿಸಿದೆವು. ಆ ಆಟ ನೋಡಿದ ನಾಯಿ ತಾನೂ ಸೇರಿಕೊಳ್ಳುತ್ತದೆ.

ಊಟದ ತಟ್ಟೆಯ ವಿಷಯ ಪ್ರತ್ಯೇಕ. ಕರಿಯ ಕೋಳಿಯನ್ನು ಸಹಿಸುತ್ತಾನೆ, ತಟ್ಟೆಗೆ ಬಾಯಿ ಹಾಕುವ ಕೋಳಿಯನ್ನು ಸಹಿಸುವುದಿಲ್ಲ. ಅದು ನ್ಯಾಯವೇ. ಈಗ ನಾಯಿಗಳಿಗೆ ಗೂಡಿನೊಳಗೇ ಊಟ, ಮುಗಿದ ಕೂಡಲೇ ತಟ್ಟೆ ತೆಗೆಯುತ್ತೇವೆ. ಕೋಳಿಯ ಆಹಾರ ನಾಯಿಗೆ ಸಿಗದ ಹಾಗೂ ನೋಡಿಕೊಳ್ಳಬೇಕು. ಚಿಕ್ಕ ಮರಿಗಳ ಪ್ಯಾಕೆಟ್ ಆಹಾರದಲ್ಲಿ ರಕ್ತಭೇದಿ ಬಾರದ ಹಾಗೆ ಔಷಧಿ ಬೆರೆಸಿರುತ್ತಾರೆ. ಮೊನೆನ್ಸಿನ್‌ನಂಥ ಕೆಲವು ಔಷಧಿ ಕೋಳಿಗೆ ಸರಿ, ನಾಯಿಗೆ ವಿಷ. ನಾಯಿಗಳು ಕೋಳಿ ಹಿಕ್ಕೆ ತಿನ್ನುವುದನ್ನು ಪೂರ್ತಿ ತಪ್ಪಿಸಲು ನಮಗೆ ಆಗಿಲ್ಲ. ಒಡ್ಡಿ ದಿನಾ ಗುಡಿಸುತ್ತೇವೆ, ಮೂರು ತಿಂಗಳಿಗೊಮ್ಮೆ ನಾಯಿಗಳಿಗೆ ಜಂತುಹುಳದ ಮಾತ್ರೆ ಕೊಡುತ್ತೇವೆ.

ಚುಕ್ಕಿ

ಚುಕ್ಕಿಗೂ ಇದೇ ಪಾಠ ಮಾಡಿದೆವು. ಅವಳಿಗೆ ಇಪ್ಪತ್ತು ಅಡಿ ಸಾಕಾಗಲಿಲ್ಲ, ಅರವತ್ತು ಅಡಿಯಿಂದ ಶುರು ಮಾಡಬೇಕಾಯಿತು. ಆರು ತಿಂಗಳ ನಂತರ ಹದಿನೈದು ಅಡಿ ದೂರದಲ್ಲಿ ಕೋಳಿ ನಡೆದರೆ ಹಗ್ಗದಲ್ಲಿ ಮಲಗಿರುತ್ತಾಳೆ. ಒಂದು ಕೋಳಿ ಓಡಿದರೆ ತಲೆ ಎತ್ತಿಬಿಡುತ್ತಾಳೆ. ಅಲ್ಲಿಗೆ ನಿಂತಿದ್ದೇವೆ.

ಅವಳನ್ನು ಕೋಳಿಗಳ ಜೊತೆ ಬಿಚ್ಚುವುದಿಲ್ಲ ಅಂತ ನಾವು ತೀರ್ಮಾನ ಮಾಡಿ ಆಗಿದೆ. ಇಂದೂ ಇಲ್ಲ, ಮುಂದಿನ ವರ್ಷವೂ ಇಲ್ಲ. ಕೆಲವರು ಇದನ್ನು ಸೋಲು ಅನ್ನುತ್ತಾರೆ. ನನಗೆ ಹಾಗೆ ಅನಿಸುವುದಿಲ್ಲ. ತಲೆತಲಾಂತರದಿಂದ ಓಡುವುದನ್ನು ಹಿಡಿಯಲೆಂದೇ ಆಯ್ದು ಬೆಳೆಸಿದ ನಾಯಿ ಅವಳು. ಅವಳ ಸ್ವಭಾವದ ಜೊತೆ ದಿನವಿಡೀ ಜಗಳ ಆಡುವುದಕ್ಕಿಂತ, ಬೆಳಗಿನ ಒಂದು ಗಂಟೆ ತೋಟದ ಕೆಳಗಿನ ಗದ್ದೆಯಲ್ಲಿ ಮನಸಾರೆ ಓಡಲು ಬಿಡುವುದು ನ್ಯಾಯ. ಗದ್ದೆ ಬದುವಿನ ಉದ್ದಕ್ಕೂ ಅವಳು ಬಿಟ್ಟ ಬಾಣದ ಹಾಗೆ ಹೋಗುವುದನ್ನು ನೋಡಿದರೆ ಎಂಥವರಿಗೂ ಪ್ರೀತಿ ಬರುತ್ತದೆ.

ಮಿನ್ನಿ ಮತ್ತು ಹೂಮರಿಗಳು

ಬೆಕ್ಕಿನ ಕಥೆ ಬೇರೆ. ದೊಡ್ಡ ಹೇಂಟೆಯ ತಂಟೆಗೆ ಮಿನ್ನಿ ಹೋಗುವುದಿಲ್ಲ. ಹುಲ್ಲುಗೊಣಬೆಯಲ್ಲಿ ಅಕ್ಕಪಕ್ಕ ಮಲಗಿರುತ್ತವೆ. ಆದರೆ ಹೂಮರಿ, ಅಂದರೆ ಆಗಷ್ಟೇ ಮೊಟ್ಟೆಯೊಡೆದ ಕೋಳಿಮರಿ, ಬೆಕ್ಕಿನ ಕಣ್ಣಿಗೆ ಚಿಂವ್‌ಗುಟ್ಟುವ ಇಲಿ. ಜನವರಿಯಲ್ಲಿ ಹದಿಮೂರು ಮೊಟ್ಟೆ ಇಟ್ಟು ನಾಟಿ ಹೇಂಟೆಯನ್ನು ಕಾವಿಗೆ ಕೂರಿಸಿದ್ದೆ. ಇಪ್ಪತ್ತೊಂದನೇ ದಿನಕ್ಕೆ ಹತ್ತು ಮರಿ ಆದವು. ಎರಡೇ ದಿನದಲ್ಲಿ ಮಿನ್ನಿ ಮೂರು ಮರಿ ಹೊತ್ತಳು. ನಾಯಿಗಳ ಚಿಂತೆಯಲ್ಲಿ ನಾನು ಬೆಕ್ಕನ್ನು ಮರೆತಿದ್ದೆ.

ಉಳಿದ ಏಳನ್ನು ತಾಯಿಯ ಸಮೇತ ದೊಡ್ಡ ಬಿದಿರುಬುಟ್ಟಿಯ ಕೆಳಗೆ ಹಾಕಿ, ಮೇಲೆ ಕಲ್ಲು ಇಟ್ಟೆವು. ದಿನಾ ಒಂದು ಗಂಟೆ, ಮಿನ್ನಿಗೆ ಅಡಿಗೆಮನೆಯಲ್ಲಿ ಮೀನು ಹಾಕಿ ಬಾಗಿಲು ಮುಚ್ಚಿದ ಮೇಲೆ, ಮರಿಗಳನ್ನು ಹೊರಗೆ ಬಿಡುವುದು. ಎರಡನೇ ವಾರ ಒಂದು ದಿನ ಕಿಟಕಿಯಿಂದ ಮಿನ್ನಿ ಹೊರಗೆ ಜಿಗಿದಳು. ಮರಿಕೋಳಿಯ ತಾಯಿ ಪುಕ್ಕ ಕೆದರಿಕೊಂಡು ನೇರ ಅವಳ ಮುಖಕ್ಕೇ ಹಾರಿತು. ಅಂದಿನಿಂದ ಮಿನ್ನಿ ಆ ಹೇಂಟೆಯನ್ನು ಕಂಡರೆ ದಾರಿ ಬಿಡುತ್ತಾಳೆ. ಬೇರೆ ಹೇಂಟೆಗೆ ಬಿಡುವುದಿಲ್ಲ, ಅದನ್ನೂ ಗಮನಿಸಿದೆ. ಹಾಗಾಗಿ ತಾಯಿಯ ಧೈರ್ಯವನ್ನು ನಂಬಿ ಬುಟ್ಟಿ ಬಿಡಬೇಡಿ. ಎರಡು ತಿಂಗಳು ತುಂಬುವ ತನಕ ನಾನು ಬುಟ್ಟಿ ಬಿಡಲಿಲ್ಲ. ಒಂದು ಮರಿಯನ್ನು ಗಿಡುಗ ಒಯ್ದಿತು, ಆರು ಬೆಳೆದವು.

ಇಲಿ ಜಾಸ್ತಿಯಾಗಿದೆ ಅಂತ ಒಡ್ಡಿಯ ಹತ್ತಿರ ಇಲಿಪಾಷಾಣ ಇಡುವ ಅಭ್ಯಾಸ ನಮ್ಮ ಕಡೆ ಇದೆ. ದಯವಿಟ್ಟು ಬೇಡ. ಅದನ್ನು ಕೋಳಿ ಕುಕ್ಕುತ್ತದೆ. ವಿಷ ತಿಂದ ಇಲಿಯನ್ನು ಬೆಕ್ಕು ತಿನ್ನುತ್ತದೆ, ನಾಯಿಯೂ ತಿನ್ನುತ್ತದೆ. ಕಾಳನ್ನು ಮುಚ್ಚಳ ಇರುವ ಡ್ರಮ್ಮಿನಲ್ಲಿಟ್ಟು, ಸಂಜೆ ಉಳಿದದ್ದನ್ನು ಗುಡಿಸಿದರೆ ಇಲಿ ತಾನಾಗಿ ಕಡಿಮೆಯಾಗುತ್ತದೆ.

ಈಗ

ಇದು ಸೆಪ್ಟೆಂಬರ್. ನವೆಂಬರಿನ ನಂತರ ನಾಯಿಗಳಿಂದ ಒಂದು ಕೋಳಿಯೂ ಸತ್ತಿಲ್ಲ. ಮುಂಗುಸಿಗೆ ಎರಡು, ಬೆಕ್ಕಿಗೆ ಮೂರು ಮರಿ, ಗಿಡುಗನಿಗೆ ಒಂದು. ಸದ್ಯ ಹದಿನೇಳು ಕೋಳಿ ಇವೆ. ಗಿರಿರಾಜ ಮತ್ತೆ ತಂದಿಲ್ಲ.

ಜುಲೈನ ಮಳೆಯಲ್ಲಿ ಒಂದು ದಿನ ಹಲಸಿನ ಕೊಂಬೆ ಬಿದ್ದು ಬೇಲಿಯ ಒಂದು ಬದಿ ಮಲಗಿತು. ಮಳೆಗೆ ಮನೆಯೊಳಗೆ ಇದ್ದ ನಮಗೆ ಗೊತ್ತೇ ಆಗಲಿಲ್ಲ. ಹೊರಗೆ ಬಂದು ನೋಡಿದರೆ ಕೋಳಿಗಳೆಲ್ಲ ಅಂಗಳದಲ್ಲಿ, ಜಗುಲಿ ಮೆಟ್ಟಿಲ ಮೇಲೆ ಕರಿಯ. ಒಬ್ಬನೇ. ಒಂದು ಹುಂಜ ರೆಕ್ಕೆ ಕೊಡವಿತು. ಅವನು ಅದನ್ನು ನೋಡಿದ, ಆಮೇಲೆ ತಿರುಗಿ ನನ್ನ ಸೆರಗು ನೋಡಿದ. ನನ್ನ ಹತ್ತಿರ ಒಣಮೀನು ಇರಲಿಲ್ಲ. ಒಳಗೆ ಓಡಿ ತಂದು ಕೊಟ್ಟೆ. ಚುಕ್ಕಿ ಆಗ ಗೂಡಿನಲ್ಲಿದ್ದಳು, ಗೂಡಿನ ಬಾಗಿಲಿಗೆ ಚಿಲಕ ಹಾಕಿತ್ತು. ಕರಿಯ ಎಷ್ಟೇ ಒಳ್ಳೆಯವನಾದರೂ, ಆ ಚಿಲಕ ಹಾಕಿರದಿದ್ದರೆ ಅವತ್ತಿನ ಕಥೆ ಏನಾಗುತ್ತಿತ್ತೋ ಅಂತ ನನಗೆ ಈಗಲೂ ಎದೆ ನಡುಗುತ್ತದೆ. ಮರುದಿನವೇ ಇವರು ಕೊಂಬೆ ಕಡಿಸಿ, ಬೇಲಿಯ ಆ ಬದಿಗೆ ಕಲ್ಲುಕಂಬ ಹಾಕಿಸಿದರು.

ಮಿನ್ನಿಯ ಮುಖಕ್ಕೆ ಹಾರಿದ ಅದೇ ಹೇಂಟೆ ಮೊನ್ನೆ ಮತ್ತೆ ಕಾವಿಗೆ ಕೂತಿದೆ. ಹನ್ನೆರಡು ಮೊಟ್ಟೆ ಇಟ್ಟಿದ್ದೇನೆ. ಬಿದಿರುಬುಟ್ಟಿಯ ಹರಿದ ಅಂಚನ್ನು ಅತ್ತೆ ನಿನ್ನೆ ಕೂತು ಹೆಣೆದು ಕೊಟ್ಟರು. ಅಡಿಗೆಮನೆಯ ಕಿಟಕಿಗೆ ಈ ಸಲ ಜಾಲರಿ ಹೊಡೆಸಿದ್ದೇವೆ.